ಸಿಡುಕದ ರೋಗಿ

ಕಪಾಟಿನ ಹಿಂದೆ ಇಣುಕಿದಳು. ಕ್ಯಾಮೆರಾ ಇರಲಿಲ್ಲ. ಮಂಚದ ಕೆಳಗೆ ಬಗ್ಗಿದಳು. ಅಲ್ಲೂ ಯಾರೂ ಅಡಗಿರಲಿಲ್ಲ. ಹಾಗಾದರೆ ತನ್ನ ತಾಳ್ಮೆ ಅಳೆಯಲು ಬಂದವನು ಮಂಚದ ಮೇಲೇ ಮಲಗಿದ್ದಾನೆ ಎಂಬುದು ಗುಡುಗಮ್ಮನಿಗೆ ಖಚಿತವಾಯಿತು.

ಹೆತ್ತವರು ಇಟ್ಟ ಹೆಸರಲ್ಲ ಅದು, ಆಸ್ಪತ್ರೆಯ ವಾರ್ಡು ಇಟ್ಟದ್ದು. ಮತ್ತೆ ಮತ್ತೆ ಗಂಟೆ ಒತ್ತಿದ ರೋಗಿಯೊಬ್ಬನಿಗೆ, “ಇದೇನು ನಿಮ್ಮ ಮಾವನ ಮನೆ ಅಂದ್ಕೊಂಡ್ರಾ?” ಎಂದು ಗುಡುಗಿದ್ದಕ್ಕೆ ನರ್ಸಿಂಗ್ ಪರಿಷತ್ತು ಅವಳ ಲೈಸೆನ್ಸನ್ನು ಅಮಾನತಿನಲ್ಲಿಟ್ಟಿತ್ತು. ತಾಳ್ಮೆಯ ಪಾಠಗಳೆಲ್ಲ ಮುಗಿದು ಇಂದು ಕೊನೆಯ ಪರೀಕ್ಷೆ. ಒಬ್ಬ ರೋಗಿ, ಒಂದು ಹಗಲು. ದನಿ ಏರಿತೋ, ಲೈಸೆನ್ಸು ಹೋಯಿತು. ಆಮೇಲೆ ಬದುಕೆಲ್ಲ ಮನೆಯಲ್ಲಿ ಅತ್ತೆಯ ಎದುರು ಕೂರಬೇಕು. ಅತ್ತೆಯ ದನಿ ಅವಳದಕ್ಕಿಂತ ದೊಡ್ಡದು.

“ಯಾರೋ ನೋಡ್ತಿರ್ತಾರೆ, ಹುಷಾರು ಕಣೇ,” ಎಂದಷ್ಟೇ ಹೇಳಿ ಹಿರಿಯ ಸಿಸ್ಟರು ಬಾಗಿಲೆಳೆದುಕೊಂಡು ಹೋಗಿದ್ದರು.

ರೋಗಿ ಪೊದೆಮೀಸೆಯ ಗಟ್ಟಿಮುಟ್ಟಾದ ಆಳು. ಜ್ವರವಿಲ್ಲ. ನಾಡಿ ಗಡಿಯಾರದಂತೆ ನಡೆದಿತ್ತು. ಬಿ.ಪಿ. ನೋಡುವ ಪಟ್ಟಿ ಬಿಚ್ಚುವ ಮೊದಲೇ ತೋಳೇರಿಸಿ, ಕೈಯನ್ನು ಎದೆಯ ಮಟ್ಟಕ್ಕೆ ತಂದು ಕೊಟ್ಟ.

“ಏನಾಗಿದೆ ಸಾರ್ ನಿಮಗೆ?”

“ಏನೂ... ಅಂದ್ರೆ, ಅಲ್ಲಲ್ಲಿ ನೋವು, ಮೇಡಂ.”

ಮೇಡಂ! ರೋಗಿಯ ಬಾಯಲ್ಲಿ ಈ ಮರ್ಯಾದೆಯ ಮಾತು ಅವಳು ಕೇಳಿದ್ದೇ ಇಲ್ಲ. ಅನುಮಾನ ಇನ್ನೂ ಬಲಿಯಿತು.

ಮೈ ಒರೆಸುವ ನೀರು ಸುಡುತ್ತಿತ್ತು. ಅವನು ಹಲ್ಲು ಕಚ್ಚಿ, “ಹಿತವಾಗಿದೆ,” ಎಂದ. ಗಾಬರಿಯಲ್ಲಿ ಹಾಲಿಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಕಣ್ಣು ಮುಚ್ಚಿ ಗಟಗಟ ಕುಡಿದು, “ಇಂಥ ಹಾಲು ಜನ್ಮದಲ್ಲಿ ಕುಡಿದಿರ್ಲಿಲ್ಲ,” ಎಂದ. ಮಾತೇನೋ ಸುಳ್ಳಲ್ಲ.

ಅವನು ಮಲಗಿದ್ದಂತೆಯೇ ಹಾಸು ಬದಲಿಸಲು ಹೋಗಿ ಜೋರಾಗಿ ಎಳೆದಳು. ಹಾಸಿನ ಜೊತೆಗೆ ಅವನೂ ಬಂದ. ಧೊಪ್ಪೆಂದು ಬಿದ್ದ.

“ಮೊದಲು ಮಗ್ಗುಲಿಗೆ ಹೊರಳಿಸಬೇಕು ಅಂತ ನಿಂಗೆ ಯಾವ—” ಎಂದವನು ತಟ್ಟನೆ ನಾಲಿಗೆ ಕಚ್ಚಿಕೊಂಡು, ನೆಲದ ಮೇಲಿಂದಲೇ ಹಲ್ಲು ಬಿಟ್ಟ. “ನೆಲ ತಣ್ಣಗಿದೆ ಮೇಡಂ. ತುಂಬಾ ಉಪಕಾರ ಆಯ್ತು.”

ಗುಡುಗಮ್ಮನ ಗಂಟಲವರೆಗೆ ಗುಡುಗು ಬಂತು. ಹೊಗಳಿ ಹೊಗಳಿಯೇ ಕೆಣಕುತ್ತಿದ್ದಾನೆ ಈ ಮೀಸೆ! ಎರಡು ಸಲ ಉಗುಳು ನುಂಗಿ, “ಏಳಿ ರಾಜಾ,” ಎಂದು ಮೇಲೆತ್ತಿದಳು.

ಮಧ್ಯಾಹ್ನವೆಲ್ಲ ಇಬ್ಬರೂ ನಯದಲ್ಲೇ ಗುದ್ದಾಡಿದರು. ಅವನಿಗೆ ಜೊಂಪು ಹತ್ತಿದಾಗಲೆಲ್ಲ ಎಬ್ಬಿಸಿ, “ದಿಂಬು ಸರಿಯಾಗಿದೆಯಾ ಸಾರ್?” ಎಂದು ವಿಚಾರಿಸಿದಳು. ಪ್ರತಿ ಸಲವೂ ಅವನು, “ನಿಮ್ಮಂಥ ಅಕ್ಕ ನನಗಿರಬೇಕಿತ್ತು,” ಎಂದ. ಹೇಳುವಾಗ ಅವನ ಮೀಸೆ ನಡುಗುತ್ತಿತ್ತು.

ಕಿಟಕಿಯ ಬಿಸಿಲು ಗೋಡೆಯೇರಿ ಕರಗಿತು. ಹೊತ್ತು ಮುಗಿದ ಗಂಟೆ ಬಾರಿಸಿತು. ದನಿ ಒಮ್ಮೆಯೂ ಏರಿರಲಿಲ್ಲ. ಅವಳು ಸೆರಗಿನಿಂದ ಬೆವರೊರೆಸಿಕೊಂಡು, ಇರುವ ಧೈರ್ಯವನ್ನೆಲ್ಲ ಒಟ್ಟುಮಾಡಿ ಮಂಚದ ಬಳಿ ನಿಂತಳು. “ಸಾರ್, ಈಗಲಾದ್ರೂ ಹೇಳಿ, ನಾನು...”

ರೋಗಿ ಛಂಗನೆ ಮಂಚದಿಂದ ಹಾರಿ ಕೈಮುಗಿದ.

“ಸಾಕು ಮೇಡಂ, ಇನ್ನು ತಡೆಯೋಕಾಗಲ್ಲ! ರೋಗಿಗಳನ್ನ ಗದರಿಸಿದ್ದಕ್ಕೆ ನನ್ನನ್ನ ನರ್ಸ್ ಕೆಲಸದಿಂದ ತೆಗೆದವರು, ಒಂದು ಹಗಲು ರೋಗಿಯಾಗಿ ಮಲಗು, ಪರೀಕ್ಷೆ ಮಾಡೋಕೆ ಬರೋ ನರ್ಸಮ್ಮ ಏನೇ ಮಾಡಿದ್ರೂ ಸಿಡುಕಬೇಡ ಅಂದಿದ್ರು. ಹೇಳಿ, ನಾನು ಪಾಸಾ?”