ಅಕ್ಕನ ಪಾಲಿನ ಕಡುಬು

ಮೂಡಿಗೆರೆಯಲ್ಲಿ ನಾನು ಕಟ್ಟಿ ನಡೆಸುತ್ತಿರುವ ಮಾತಿನ ಚಿಕಿತ್ಸಾ ಕೇಂದ್ರಕ್ಕೆ ಇಂದು ಬೆಳಿಗ್ಗೆ ಬಂದ ಮಗುವಿನ ಬಾಯಲ್ಲಿ ಬಜೆ ಬೇರಿನ ವಾಸನೆಯಿತ್ತು.

ನಮ್ಮಜ್ಜಿಯೂ ತೊದಲುತ್ತಿದ್ದ ಅಕ್ಕನ ನಾಲಿಗೆಗೆ ದಿನವೂ ಊಟಕ್ಕೆ ಮೊದಲು ಬಜೆ ತೇಯ್ದು, ಕೆಂಪಾಗುವವರೆಗೆ ತಿಕ್ಕುತ್ತಿದ್ದರು. ಆಮೇಲೆ ಬೇಕಾದ್ದನ್ನು ತಡವರಿಸದೆ ಕೇಳಿದರೆ ಮಾತ್ರ ಬಡಿಸುವುದು. ಅದು ಮನೆಯ ನಿಯಮ.

ಒಂದು ಮಧ್ಯಾಹ್ನ ಅಜ್ಜಿ ಬಿಸಿ ಕಡುಬಿನ ತಪ್ಪಲೆ ಹಿಡಿದು ಅಕ್ಕನ ಮುಂದೆ ನಿಂತು, "ಸರಿಯಾಗಿ ಕೇಳೇ," ಎಂದರು.

"ಕ... ಕ... ಕಡ..." ಅಕ್ಕನ ಕತ್ತಿನ ನರ ಉಬ್ಬಿತು.

"ಇವ್ಳು ಹೇಳಿ ಮುಗಿಸೋಷ್ಟರಲ್ಲಿ ಹಳಸುತ್ತೆ ಅಜ್ಜಿ, ನಂಗೇ ಹಾಕಿ," ಎಂದೆ ನಾನು.

ಪಂಕ್ತಿಯೆಲ್ಲ ನಕ್ಕಿತು. "ತಂಗೀನ ನೋಡಿ ಕಲಿಯೇ ಮಾರಾಯ್ತಿ!" ಎಂದು ಅಜ್ಜಿ ಅಕ್ಕನ ಪಾಲಿನ ಕಡುಬುಗಳನ್ನು ನನ್ನ ಎಲೆಗೆ ಹಾಕಿದರು. ನಾನು ಅಷ್ಟನ್ನೂ ತಿಂದೆ. ಅಕ್ಕ ಖಾಲಿ ಎಲೆ ಮಡಚಿ ಎದ್ದಳು.

ಅಂದಿನಿಂದ ಆ ಮನೆಯಲ್ಲಿ ಅವಳು ನೀರನ್ನೂ ಬಾಯಿಬಿಟ್ಟು ಕೇಳಲಿಲ್ಲ.