ಹಿಮ್ಮಡವಿಲ್ಲದ ಹೆಜ್ಜೆ

ಮುಕ್ತಾಬಾಯಿ ಆಗಷ್ಟೇ ಸೆಗಣಿಯಿಂದ ಸಾರಿಸಿದ್ದ ಅಂಗಳವನ್ನು ಸೋಲಾಪುರದಿಂದ ಬಂದ ಮಗ ಸೋಮು ಬರಿಗಾಲಲ್ಲಿ ದಾಟಿಬಿಟ್ಟ. ಬೈಯಲು ಬಾಯಿ ತೆರೆದವಳು ಹಸಿ ನೆಲದ ಮೇಲಿನ ಹೆಜ್ಜೆ ನೋಡಿ ಅಲ್ಲೇ ಬಗ್ಗಿದಳು. ಬೆರಳುಗಳು ಆಳವಾಗಿ ಮೂಡಿದ್ದವು, ಹಿಮ್ಮಡದ ಗುರುತೇ ಇರಲಿಲ್ಲ.

ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಕುಂಟುವ ಕುರಿಯ ಕಾಲು ನೋಡುವ ಹಾಗೆ ಮೀನಖಂಡ ಒತ್ತಿದಳು. ಕಲ್ಲಿನಂತೆ ಬಿಗಿದಿತ್ತು. “ಮುಳ್ಳಿಲ್ಲ, ಬಾವಿಲ್ಲ. ಹಿಮ್ಮಡ ಯಾಕ ನೆಲಕ್ಕ ಹತ್ತವಲ್ದು?”

ಸೋಮು ಅದರ ಕಾರಣವನ್ನು ಯಾರಿಗೂ ಹೇಳಿರಲಿಲ್ಲ. ಅವ್ವನ ಕೈ ಮಾತ್ರ ಅವನ ಕಾಲನ್ನು ಬಿಡಲಿಲ್ಲ. “ಸೋಲಾಪುರದಾಗ ಖೋಲಿ ಬಾಗಿಲಾ ಹಾಕ್ಕೊಂಡು ಸೀರಿ ಉಟ್ಕೋತೀನಿ ಯವ್ವಾ. ಹೈ ಹೀಲ್ಸ್ ಹಾಕ್ಕೋತೀನಿ, ದಿನಾ ಸಂಜೀಕ. ಹಾಕಿ ಹಾಕಿ ನಡಗೀನ ಹಿಂಗಾಗ್ಯದ.”

ಮುಕ್ತಾಬಾಯಿ ಮೀನಖಂಡ ತಿಕ್ಕುತ್ತ ಕುಳಿತಳು. ಆಮೇಲೆ ಎದ್ದಳು. “ಎಣ್ಣಿ ಕಾಸಿ ತರ್ತೀನಿ, ಸಡ್ಲ ಆಗ್ತದ.” ಬಾಗಿಲಲ್ಲಿ ನಿಂತು ತಿರುಗಿದಳು. “ಮುಂದಿನ ಸಲ ಆ ಚಪ್ಪಲಿ ತಗೊಂಡ ಬಾ. ನನ್ನ ಇಳಕಲ್ಲ ಸೀರಿ ಕೊಡ್ತೀನಿ, ಉಟ್ಟು ನಡದು ತೋರ್ಸು. ಆದ್ರ ಸಾರಿಸಿದ ಅಂಗಳದಾಗ ಕಾಲಿಟ್ಟಿ ಅಂದ್ರ, ಸೀರಿ ಎತ್ತಿ ಸಿಗಸ್ಕೊಂಡು ನೀನ ಮತ್ತ ಸಾರಿಸ್ಬೇಕು.”