ಹುಲ್ಲಿನ ಮೇಲೆ ಕೂತ ಅಡಿಕೆ

"ನಮ್ಮ ಕಟ್ಟಡ ಎಲ್ಲಿದೆ ಇದರಲ್ಲಿ?" ಕುಮುದಿನಿ ಪೆಡ್ಣೇಕರ್ ಮತ್ತೆ ಕೇಳಿದಳು. ಮೇಜಿನ ಮೇಲೆ, ಮುಂದೆ ಎದ್ದು ನಿಲ್ಲಲಿರುವ ಗಗನಚುಂಬಿಯ ಮಾದರಿ ಮಹಡಿಗೊಂದು ಈಜುಕೊಳ ಹೊತ್ತು ಮಿನುಗುತ್ತಿತ್ತು. ಅದರ ಹಿಂದುಗಡೆ, ಮುಂಬಯಿಯ ಗಿರಗಾಂವಿನಲ್ಲಿದ್ದ ಹಳೇ ವಠಾರವಾದ ಚಾಳು ಕೆಡವುವಾಗ ಅಲ್ಲಿನ ಬಾಡಿಗೆದಾರರಿಗೆ ಮನೆ ಕಟ್ಟಿಕೊಡ್ತೀವಿ ಎಂದು ಮಾತು ಕೊಟ್ಟಿದ್ದ ಜಾಗದಲ್ಲಿ, ಹಸಿರು ಹುಲ್ಲು ಅಂಟಿಸಿದ್ದರು.

"ಕಾಕೂ, ಇದು ಕೊಳ್ಳೋರಿಗೆ ತೋರಿಸೋಕೆ ಮಾಡಿದ್ದು ಅಷ್ಟೇ," ಅಂದ ಬಿಲ್ಡರ್ ಕೋಠಾರಿ ಶೇಠ್. ಈಗಷ್ಟೇ ಭೂಮಿಪೂಜೆ ಮುಗಿಸಿ ಬಂದವನ ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು. "ನಿಮ್ಮದೂ ಆಗತ್ತೆ. ಸ್ವಲ್ಪ ತಾಳಿ."

"ತಾಳಿ ತಾಳಿ ನಮ್ಮತ್ತೆ ಬಾಡಿಗೆ ಖೋಲಿಯಲ್ಲೇ ಕಣ್ಣು ಮುಚ್ಚಿದ್ರು. ಇರಲಿ ಬಿಡಿ. ನಿಮ್ಮ ಹೆಂಡತಿ ಲಂಡನ್ನಲ್ಲಿದ್ದಾರೆ ಅಂತ ಪೂಜೇಲಿ ಪಕ್ಕಕ್ಕೆ ಒಂದು ಅಡಿಕೆ ಕೂರಿಸಿಕೊಂಡ್ರಲ್ಲ? ಇಲ್ಲದೇ ಇರೋರ ಜಾಗದಲ್ಲಿ ಅಡಿಕೆ ಇಟ್ಟರೆ ನಡೆಯತ್ತೆ ತಾನೆ?" ಶೇಠನೇ ಕೊಟ್ಟಿದ್ದ ತಾಂಬೂಲದಿಂದ ಇಡೀ ಅಡಿಕೆಯೊಂದನ್ನು ತೆಗೆದು ಅವಳು ಆ ಹುಲ್ಲಿನ ನಟ್ಟನಡುವೆ ಇಟ್ಟಳು. ಸೆರಗಿನ ತುದಿಯಲ್ಲಿ ಉಳಿದಿದ್ದ ಅಕ್ಷತೆಯನ್ನು ಅದರ ಮೇಲೆ ಹಾಕಿ ಕೈಮುಗಿದಳು.

ಹೊರಗೆ ಕೊಳ್ಳುವವರ ಕಾರುಗಳು ಬಂದು ನಿಲ್ಲುತ್ತಿದ್ದವು. ಅಡಿಕೆ ಎತ್ತಲು ಚಾಚಿದ ಶೇಠನ ಕೈ ಅಲ್ಲೇ ನಿಂತಿತು. ಅವನು ಪೂಜೆ ಮಾಡಿಸಿ ಜೊತೆಗೇ ಬಂದಿದ್ದ ಪುರೋಹಿತರ ಮುಖ ನೋಡಿದ. "ಅಕ್ಷತೆ ಬಿದ್ದಾಯ್ತಲ್ಲ ಶೇಠ್‌ಜಿ, ವಿಸರ್ಜನೆ ಆಗೋವರೆಗೂ ಕದಲಿಸೋ ಹಾಗಿಲ್ಲ," ಎಂದರು ಅವರು, ಪೇಢೆ ನುಂಗುತ್ತ.

"ಯಾವಾಗ ಮಾಡ್ತೀರಿ ವಿಸರ್ಜನೆ?" ಶೇಠ್ ಹಲ್ಲು ಕಚ್ಚಿಕೊಂಡು ಕೇಳಿದ.

"ಕೂರಿಸಿದೋಳು ನಾನು, ನನ್ನ ಕೇಳಿ," ಎಂದಳು ಕುಮುದಿನಿ. "ನಮ್ಮ ಮನೆ ಬೀಗದ ಕೈ ಕೊಟ್ಟ ದಿನ."